ಉಲ್ಟಾ ಐದು ವೋಲ್ಟ್

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಸಿಟ್ಟು ಬಂದದ್ದು ಮೂರ್ಸಲಣ್ಣನ ಮೇಲೆ. ಬರಬೇಕಾದದ್ದು ಬೇರೆಯವರ ಮೇಲೆ, ಅವರತ್ತ ಏರಿಹೋಗಲು ಧೈರ್ಯವಿಲ್ಲದ ಸಿಟ್ಟು ಪಾಪದವರ ಕಡೆ ತಿರುಗಿಕೊಂಡಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದೇನೂ ಇಳಿಯಲಿಲ್ಲ. ನಿನ್ನೆ ಸಂಜೆ ಕಾರ್ಖಾನೆಯ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತ ಅವರು, "ಹೋಗ್ಲಿ ಬಿಡಮ್ಮ, ಒಂದು ಸಹಿ ತಾನೆ, ಹಾಕಿಬಿಡ್ತೀನಿ" ಅಂದಿದ್ದರು, ಯಾರೋ ಒಂದು ಲೋಟ ನೀರು ಕೇಳಿದ್ದಕ್ಕೆ ಹೂಂ ಅಂದ ಹಾಗೆ. ಆ 'ಹೋಗ್ಲಿ ಬಿಡಮ್ಮ' ರಾತ್ರಿಯೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ನಾಲಿಗೆಯನ್ನು ಎಳೆಯುತ್ತಿತ್ತು. ಇಪ್ಪತ್ತೊಂದು ವರ್ಷ ಒಂದೇ ಬೆಂಚಿನಲ್ಲಿ ಕೂತು ಆಂಪ್ಲಿಫೈಯರುಗಳನ್ನು ಪರೀಕ್ಷೆ ಮಾಡಿದ ಮನುಷ್ಯ. ಪ್ರತಿಯೊಂದನ್ನೂ ಮೂರು ಸಲ ನೋಡಿಯೇ ಚೀಟಿ ಅಂಟಿಸುತ್ತಾರೆಂದು ಅವರಿಗೆ ಆ ಹೆಸರು. ಇವತ್ತು ಮೂರು ಗಂಟೆಗೆ ಯಜಮಾನರ ಕೋಣೆಯಲ್ಲಿ, 'ನನ್ನ ಅಜಾಗರೂಕತೆಯಿಂದ' ಎಂದು ಶುರುವಾಗುವ ಕಾಗದಕ್ಕೆ ಅವರು ಸಹಿ ಹಾಕಬೇಕು. ನಾಳೆಯಿಂದ ಬರಬೇಕಾಗಿಲ್ಲ.

"ಹಲ್ಲು ಯಾಕೆ ಕಡೀತಿದ್ದೀಯೇ? ನಿಂಗಿರೋದು ಅದೊಂದೇ ಸೆಟ್ಟು" ಎಂದಳು ಅಮ್ಮ, ಬಾಗಿಲಲ್ಲಿ ಚೀಲ ಕೊಡುತ್ತ.

"ಏನಿಲ್ಲಮ್ಮ."

"ಏನಿಲ್ಲ ಅಂದ್ರೆ ಏನೋ ಇದೆ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರಂತೆ. ನಿಮ್ಮಪ್ಪನಿಗೂ ದೇವರು ಬಾಯಿ ಕೊಟ್ಟಿದ್ದ, ಊಟಕ್ಕೆ ಮಾತ್ರ ತೆಗೀತಿದ್ರು. ನೀನು ಪೂರ್ತಿ ಅವರದೇ ಅಚ್ಚು."

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅಮ್ಮನ ಮಾತು ಜೊತೆಯಲ್ಲೇ ಹತ್ತಿ ಬಂದಿತ್ತು. ಅಪ್ಪನ ಅಂಗಡಿ ಒಂದು ಬಾಗಿಲಿನಷ್ಟು ಅಗಲ. ಒಳಗೆ ಅಪ್ಪ, ಒಂದು ಬಲ್ಬು, ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳು. ಅವಳಿಗೆ ಒಂಬತ್ತು ವರ್ಷ. ಬೆಸುಗೆಯ ತಂತಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಾಗ ಒಬ್ಬ ದಪ್ಪ ಕುತ್ತಿಗೆಯವನು ಬಂದು ರೇಡಿಯೋವನ್ನು ಹಲಗೆಯ ಮೇಲೆ ಕುಕ್ಕಿ, "ಒಳ್ಳೇ ಪಾರ್ಟು ಕದ್ದು ಹಳೇದು ಹಾಕಿದ್ದೀಯಲ್ಲೋ" ಎಂದ. ಅಪ್ಪ ಕದ್ದಿರಲಿಲ್ಲ. ಆ ರೇಡಿಯೋವನ್ನು ಅವರು ತೆರೆದೇ ಇರಲಿಲ್ಲ, ತಂತಿ ಸಡಿಲವಾಗಿದೆ ಎಂದು ಹಿಂದಿನಿಂದಲೇ ಬಿಗಿಮಾಡಿ ಕಳಿಸಿದ್ದರು, ಅದು ಅವಳ ಕಣ್ಣೆದುರೇ ಆಗಿತ್ತು. ಆದರೂ ಅಪ್ಪ ಎದ್ದು ನಿಂತು "ತಪ್ಪಾಯ್ತು ಸ್ವಾಮಿ" ಎಂದರು. ಆತ ಹೋದ ಮೇಲೆ, ಏನೂ ಆಗದವರ ಹಾಗೆ ಕೂತು, ಒಂದು ಟ್ರಾನ್ಸಿಸ್ಟರಿನ ವಿವರದ ಹಾಳೆಯನ್ನು ಅವಳ ಮುಂದೆ ಹರಡಿ ಪಾಠ ಶುರುಮಾಡಿದರು. ನೋಡು, ಇದು ಎಂಬತ್ತು ವೋಲ್ಟ್ ತಡೀತದೆ, ಮೊದಲನೇ ಸಾಲಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದಾರೆ, ಎಲ್ಲರೂ ಅದನ್ನೇ ಓದ್ತಾರೆ. ನೀನು ಕೊನೇ ಸಾಲು ಓದು. ಬೇಸು, ಎಮಿಟರು ಅನ್ನೋ ಈ ಎರಡು ಕಾಲುಗಳ ನಡುವೆ ಉಲ್ಟಾ ಬಂದ್ರೆ ಎಷ್ಟು? ಐದು. ಎಂಬತ್ತು ಹೊರೋ ಪ್ರಾಣಿ ಉಲ್ಟಾ ಐದೂವರೆ ಬಿದ್ರೆ ಒಳಗೊಳಗೇ ಸುಟ್ಕೊಳ್ತದೆ. ಸಾಯೋದಿಲ್ಲ, ಅದೇ ಕಷ್ಟ. ಸತ್ತಿದ್ರೆ ಕಂಡುಹಿಡೀಬಹುದು. ಬದುಕಿರ್ತದೆ, ಆದ್ರೆ ಆಮೇಲಿಂದ ಸುಮ್ನಿದ್ದಾಗ್ಲೂ ಗೊಣಗ್ತಿರ್ತದೆ. ಅವಳು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಯಾಕೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಕೇಳದೆಯೇ ಸತ್ತರು. ಪಕ್ಕದವರ ಚೀಲ ಪಕ್ಕೆಗೆ ಒತ್ತಿದಾಗ ಅವಳು ಬೇಕೆಂದೇ ಮೊಣಕೈ ಅಗಲಿಸಿದಳು.

ಕಾರ್ಖಾನೆ ಎಂದರೆ ಉದ್ದನೆಯ ಒಂದು ಹಜಾರ, ಕೊನೆಯಲ್ಲಿ ಗಾಜಿನ ಕೋಣೆ ಯಜಮಾನರದು. ಸಭೆ ನಡೆಯುವ ಹಾಲುಗಳಿಗೆ, ಶಾಲೆಗಳಿಗೆ ಬೇಕಾದ ಆಂಪ್ಲಿಫೈಯರುಗಳು ಇಲ್ಲಿ ತಯಾರಾಗುತ್ತವೆ. ನಕ್ಷೆ ಬರೆಯುವವಳು ಅವಳು. ಮೂರು ತಿಂಗಳಲ್ಲಿ ಹೊಸ ಮಾದರಿಯ ಹದಿನಾಲ್ಕು ಪೆಟ್ಟಿಗೆ ವಾಪಸು ಬಂದು ಗೋಡೆಯ ಪಕ್ಕ ಒಂದರ ಮೇಲೊಂದು ಕೂತಿದ್ದವು. ಎಲ್ಲವುಗಳ ಮೇಲೂ ಒಂದೇ ದೂರು. ಕೆಟ್ಟಿಲ್ಲ, ಆದರೆ ಕುದಿಯುತ್ತದೆ. ಯಾರೂ ಮಾತಾಡದಿದ್ದಾಗ ಸ್ಪೀಕರಿನಿಂದ ಸುಂಯ್ ಎನ್ನುವ ಸದ್ದು, ನಡುನಡುವೆ ಒಣ ಕಡ್ಡಿ ಮುರಿದ ಹಾಗೆ ಚಟಪಟ. ಒಂದು ಶಾಲೆಯವರು, 'ಮೌನ ಆಚರಿಸುವಾಗ ಮಕ್ಕಳೆಲ್ಲ ನಕ್ಕರು' ಎಂದು ಬರೆದಿದ್ದರು. ಅವಳು ಮೊದಲ ಪೆಟ್ಟಿಗೆ ತೆರೆದ ದಿನವೇ ಧ್ವನಿ ಒಳಬರುವ ಬಾಗಿಲಲ್ಲಿ ಕೂತಿರುವ ಜೋಡಿ ಟ್ರಾನ್ಸಿಸ್ಟರುಗಳನ್ನು ಅಳೆದು ನೋಡಿದ್ದಳು. ಎರಡೂ ಬದುಕಿದ್ದವು, ಎರಡೂ ಒಳಗೆ ಸುಟ್ಟಿದ್ದವು. ಕೊನೆಯ ಸಾಲು. ಅದರ ಮೇಲೆ ಅವಳಿಗೆ ಅಪ್ಪನ ಬೆರಳಿನ ಉಗುರು ಕಂಡಿತ್ತು.

ಆ ಜೋಡಿಯ ಬೇಸುಗಳ ನಡುವೆ ಎದುರುಬದುರಾಗಿ ಎರಡು ಡಯೋಡ್, ಮುಂದೆ ಒಂದು ರೆಸಿಸ್ಟರ್: ಇಷ್ಟಿದ್ದರೆ ಹೊರಗಿನಿಂದ ಏನೇ ಅಪ್ಪಳಿಸಲಿ, ಟ್ರಾನ್ಸಿಸ್ಟರಿಗೆ ಉಲ್ಟಾ ಒಂದು ವೋಲ್ಟೂ ತಾಗುವುದಿಲ್ಲ. ಅವಳ ಮೊದಲ ನಕ್ಷೆಯಲ್ಲಿ ಮೂರೂ ಇದ್ದವು. ಕಿವಿ ಅವುಗಳನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದ. ಕಿವಿ ಎಂದರೆ ಯಜಮಾನರ ಭಾವಮೈದುನ. ಈ ಕಾರ್ಖಾನೆಯಲ್ಲಿ ಅವನ ಕೆಲಸ ಕೇಳುವುದು. ಕಣ್ಣು ಮುಚ್ಚಿ, ಗಲ್ಲ ಎತ್ತಿ, ಎದುರಿಗೆ ಯಾರೋ ಊಟ ಬಡಿಸುತ್ತಿದ್ದಾರೆ ಎಂಬ ಹಾಗೆ ಕೇಳುತ್ತಾನೆ. "ಡಯೋಡ್ ಹಾಕಿದ್ರೆ ಧ್ವನಿ ಉಸಿರುಕಟ್ಟುತ್ತೆ ಮಗಳೇ" ಎಂದಿದ್ದ. ಎಲ್ಲ ಸರಿಯಿರುವಾಗ ಆ ಎರಡು ಬೇಸುಗಳ ನಡುವೆ ಇರುವುದು ಮಿಲಿವೋಲ್ಟುಗಳು, ಡಯೋಡುಗಳು ಎದ್ದು ಕೂರಲಿಕ್ಕೂ ಅದು ಸಾಲದು, ಕಳ್ಳ ಬರುವವರೆಗೆ ಮಲಗಿರುವ ನಾಯಿಗಳು ಅವು ಎಂದು ಅವಳು ಹೇಳಹೊರಟಿದ್ದಳು. ಅವನು ನಗುತ್ತ, ಡಯೋಡ್ ಇರುವುದು ಒಂದು, ಇಲ್ಲದ್ದು ಒಂದು, ಎರಡು ಪೆಟ್ಟಿಗೆಗಳನ್ನು ಒಂದಾದ ಮೇಲೊಂದು ನುಡಿಸಿ ಯಾವುದು ಚೆಂದ ಎಂದು ಕೇಳಿದ್ದ. ಎರಡೂ ಒಂದೇ ಥರ ಕೇಳುತ್ತಿವೆ ಎಂದಿದ್ದಳು, ಕೇಳುತ್ತಿದ್ದುದು ಹಾಗೆಯೇ. "ಪಾಪ, ಓದಿದ ಕಿವಿ" ಎಂದಿದ್ದ ಯಜಮಾನರ ಕಡೆ ತಿರುಗಿ, ಮತ್ತೆ ಅವರಿಬ್ಬರೂ ನಕ್ಕಿದ್ದರು. ಬಡಗಿಯೊಬ್ಬ ಪೆಟ್ಟಿಗೆಯ ಅಳತೆ ಕೇಳಲು ಬಂದವನು ಯಾಕೆಂದು ಗೊತ್ತಿಲ್ಲದಿದ್ದರೂ ನಕ್ಕಿದ್ದ. ಬಡಗಿಯ ನಗು ಅವಳಿಗೆ ಇವತ್ತಿಗೂ ನೆನಪಿದೆ, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಮೊಳೆಯ ಸಮೇತ. "ಸಹಿ ಹಾಕಮ್ಮ, ಕೆಲಸ ಮುಂದಕ್ಕೆ ಹೋಗ್ಲಿ" ಎಂದಿದ್ದರು ಯಜಮಾನರು. ಅವಳು ಸಹಿ ಹಾಕಿದ್ದಳು. ಮೂವತ್ತು ಸೆಕೆಂಡು ವಾದ ಮಾಡಿ, ಮೂವತ್ತೊಂದನೆಯದರಲ್ಲಿ, ದುಂಡಗೆ, ದಿನಾಂಕ ಸಮೇತ. ಅಪ್ಪನಿಗಾದರೂ ಉಳಿಸಿಕೊಳ್ಳಲು ಅಂಗಡಿ ಇತ್ತು, ಗಿರಾಕಿ ಇದ್ದ. ನನಗೇನಿತ್ತು?

ಈಗ ಎತ್ತಿಗೆ ಜ್ವರ ಬಂದಿತ್ತು, ಎಮ್ಮೆಗೆ ಬರೆ ಹಾಕುವುದು ಬಾಕಿ. ಮೈಯಲ್ಲಿ ಹುಟ್ಟುವ ವಿದ್ಯುತ್ತು ನೆಲಕ್ಕಿಳಿಯಲೆಂದು ಬೆಂಚಿನಲ್ಲಿ ಎಲ್ಲರೂ ಮಣಿಕಟ್ಟಿಗೆ ತಂತಿಯ ಪಟ್ಟಿ ಕಟ್ಟಿಕೊಳ್ಳಬೇಕು. ಮೂರ್ಸಲಣ್ಣ ಪಟ್ಟಿ ಕಟ್ಟದೆ ಮುಟ್ಟಿದ್ದಾರೆ, ಅವರ ಮೈಯಿಂದಲೇ ಹದಿನಾಲ್ಕು ಪೆಟ್ಟಿಗೆ ಹಾಳಾಗಿವೆ ಎಂದು ಕಿವಿ ಕಂಡುಹಿಡಿದಿದ್ದ.

ಅವಳು ಬೆಂಚಿನ ಹತ್ತಿರ ಹೋದಾಗ ಮೂರ್ಸಲಣ್ಣ ಪಟ್ಟಿ ಕಟ್ಟಿಕೊಂಡೇ ಕೂತಿದ್ದರು. ಇಪ್ಪತ್ತೊಂದು ವರ್ಷ ಕಟ್ಟಿ ಎಡ ಮಣಿಕಟ್ಟಿನ ಸುತ್ತ ಕೂದಲೇ ಇರಲಿಲ್ಲ, ಚರ್ಮ ಬಳೆಯ ಹಾಗೆ ಬೆಳ್ಳಗೆ ಸವೆದಿತ್ತು. ಕೊನೆಯ ದಿನವೂ ಅವರು ಹೊಸ ಪೆಟ್ಟಿಗೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು. ಮೊದಲು ಮೈಕುಗಳ ಧ್ವನಿ ಕೂಡಿಸುವ ಮಿಕ್ಸರ್ ಹಚ್ಚಿದರು. ತುಟಿ ಅಲ್ಲಾಡಿಸುತ್ತ ಎಣಿಸಿದರು. ಆಮೇಲೆ ಅದರ ವೈರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಕೊನೆಗೆ ಆಂಪ್ಲಿಫೈಯರ್ ಹಚ್ಚಿದರು. ಆರಿಸುವಾಗ ಇದೇ ಹಿಮ್ಮುಖ. ಮೂರು ಸಲ.

"ಯಾಕೆ ಎಣಿಸ್ತೀರಿ?" ಎಂದಳು ಅವಳು.

"ನೀನೇ ಬರೆದಿದ್ದಲ್ವೇನಮ್ಮ." ಅವರು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ತೋರಿಸಿದರು. "'ಮಿಕ್ಸರ್ ನೆಲೆಗೊಳ್ಳುವವರೆಗೆ ಕಾಯುವುದು.' ನೆಲೆಗೊಳ್ಳೋದು ಅಂದ್ರೆ ಎಷ್ಟು ಅಂತ ಕೇಳಿದ್ದಕ್ಕೆ ಹತ್ತು ಎಣಿಸಿ ಅಂದಿದ್ದೂ ನೀನೇ. ನಾನು ಹನ್ನೆರಡು ಎಣಿಸ್ತೀನಿ. ಎರಡು ನನ್ನ ಕಡೆಯಿಂದ."

ಅವಳು ಹಾಳೆಯನ್ನೇ ನೋಡಿದಳು. ಕೆಳಗೆ ಅವಳದೇ ಸಹಿ. ಮಿಕ್ಸರ್ ಹಚ್ಚಿದ ಕ್ಷಣದಲ್ಲಿ ಅದರ ಬಾಯಿಂದ ಹದಿನೈದು ವೋಲ್ಟಿನ ಒಂದು ಒದೆತ ಹೊರಡುತ್ತದೆ. ಹತ್ತು ಎಣಿಸಿ ವೈರ್ ಸಿಕ್ಕಿಸಿದರೆ ಆ ಒದೆತ ಗಾಳಿಗೆ ಹೋಗುತ್ತದೆ. ಸಂಭಾವಿತರು ಪರೀಕ್ಷೆ ಮಾಡುವ ರೀತಿ ಇದು. ಹಾಲುಗಳಲ್ಲಿ ಹತ್ತು ಎಣಿಸುವವರು ಯಾರು? ವೈರು ವರ್ಷವಿಡೀ ಸಿಕ್ಕಿಸಿಯೇ ಇರುತ್ತದೆ. ಬಾಗಿಲ ಪಕ್ಕ ಒಂದೇ ಸ್ವಿಚ್ಚು, ಕಸ ಗುಡಿಸುವವನು ಬಂದು ದೀಪ, ಫ್ಯಾನು, ಮಿಕ್ಸರ್, ಆಂಪ್ಲಿಫೈಯರ್ ಎಲ್ಲ ಒಟ್ಟಿಗೆ ಹಚ್ಚುತ್ತಾನೆ. ಪ್ರತಿ ದಿನ ಬೆಳಿಗ್ಗೆ ಆ ಜೋಡಿಯ ಎದೆಗೆ ಒಂದು ಒದೆತ. ಇಲ್ಲಿ ಈ ಮನುಷ್ಯ ಅಷ್ಟು ಜಾಗರೂಕತೆಯಿಂದ ಪರೀಕ್ಷೆ ಮಾಡಿದ್ದರಿಂದಲೇ ಹದಿನಾಲ್ಕೂ ಪಾಸಾಗಿ ಹೊರಗೆ ಹೋದವು. ಅವರು ಒಂದೇ ಒಂದು ದಿನ ಸೋಮಾರಿಯಾಗಿ ಎರಡನ್ನೂ ಒಟ್ಟಿಗೆ ಹಚ್ಚಿದ್ದರೆ ಮೊದಲ ವಾರದಲ್ಲೇ ತಪ್ಪು ಕುದಿದು ಮೇಲೆ ಬರುತ್ತಿತ್ತು. ಈಗ ಅವರ ಮೇಲಿರುವ ಆರೋಪ ಅಜಾಗರೂಕತೆ! ಅವಳಿಗೆ ನಗು ಬಂತು, ಅದು ಗಂಟಲಲ್ಲೇ ತಿರುಗಿ ಕೆಮ್ಮಾಯಿತು.

"ನೀವ್ಯಾಕೆ ಒಪ್ಕೊಂಡ್ರಿ?" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ಪಟ್ಟಿ ಕಟ್ಟಿದ್ದೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಒಂದ್ಸಲ ಹೇಳ್ದೆ."

"ಎಲ್ಲಾದಕ್ಕೂ ಮೂರು ಸಲ, ಇದಕ್ಕೆ ಮಾತ್ರ ಒಂದ್ಸಲಾನಾ?"

ಅವರು ವೈರನ್ನು ಸುರುಳಿ ಸುತ್ತುತ್ತಿದ್ದರು. "ನಕ್ಷೆ ಮೇಲೆ ನಿನ್ನ ಸಹಿ ಇದೆ ತಾಯಿ," ಎಂದರು ತಲೆಯೆತ್ತದೆ. "ನಾನು ಇನ್ನೊಂದ್ಸಲ ಹೇಳಿದ್ರೆ ಅವರು ನಕ್ಷೆ ತೆಗೀತಾರೆ. ನಿಂಗೆ ಮುಂದಿದೆ. ನಂಗೇನು, ಮೊಮ್ಮಗಳನ್ನ ಶಾಲೆಗೆ ಬಿಟ್ಟು ಬಂದು ಮಲಗ್ತೀನಿ."

ಅವಳಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಎಲ್ಲವೂ ಗೊತ್ತಿತ್ತು ಈ ಮನುಷ್ಯನಿಗೆ. ಗೊತ್ತಿದ್ದು, ಯಾರೂ ಕೇಳದೆ, ತನ್ನ ಇಪ್ಪತ್ತೊಂದು ವರ್ಷವನ್ನು ಇವಳ ದುಂಡನೆಯ ಸಹಿಯ ಮೇಲೆ ಹೊದಿಸಿದ್ದರು. ಯಾರು ಕೇಳಿದ್ದರು ಈ ಉಪಕಾರ? ಒಳ್ಳೆಯವರ ಒಳ್ಳೆಯತನ ಕೆಟ್ಟವರಿಗೆ ಎಷ್ಟು ಅನುಕೂಲ. ತಾನು ಕೂಡ ಆ ಅನುಕೂಲಸ್ಥರ ಸಾಲಿನಲ್ಲೇ ಇದ್ದೇನೆ ಎನಿಸಿ ಮೈ ಬಿಸಿಯಾಯಿತು. ನಿನ್ನೆ ನಲ್ಲಿಯ ಹತ್ತಿರ, 'ಹೋಗ್ಲಿ ಬಿಡಮ್ಮ' ಎಂದಾಗ, ಸಿಟ್ಟಿನ ಅಡಿಯಲ್ಲಿ ಒಂದು ತೆಳುವಾದ ನೆಮ್ಮದಿ ಕೂಡ ಹರಿದಿತ್ತಲ್ಲ? ಹರಿದಿತ್ತು. ರಾತ್ರಿಯೆಲ್ಲ ಹಲ್ಲು ಕಡಿದದ್ದು ಅದಕ್ಕೆ.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಅವಳು ನಕ್ಷೆಗಳ ಕಪಾಟು ತೆರೆದಳು. ಕೆಂಪು ಪೆನ್ಸಿಲಿನ ಹಾಳೆ ಇರಲಿಲ್ಲ. ಆ ಜಾಗದಲ್ಲಿ ಶುದ್ಧಪ್ರತಿ, ಬಿಳಿ, ನಿಷ್ಕಳಂಕ. ಅದರಲ್ಲಿ ಡಯೋಡುಗಳು ಎಂದೂ ಇರಲೇ ಇಲ್ಲ. ಕೆಳಗೆ ಒಂದೇ ಹೆಸರು, ಅವಳದು. ಕೋತಿ ತಿಂದು ಮೇಕೆಯ ಬಾಯಿಗೆ ಒರೆಸಿದ ಮೇಲೆ ತನ್ನ ಬಾಯನ್ನು ಸೋಪು ಹಾಕಿ ತೊಳೆದುಕೊಂಡಿತ್ತು. ಅವಳು ಕಪಾಟು ಮುಚ್ಚಲಿಲ್ಲ. ಬಾಗಿಲು ತೆರೆದೇ ಇರಲಿ ಎಂದು ಬಿಟ್ಟು, ಬೆಂಚಿನ ಕೆಳಗಿದ್ದ, ಒಂದೇ ಸ್ವಿಚ್ಚಿನ ಎಕ್ಸ್‌ಟೆನ್ಷನ್ ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತನ್ನ ಕುರ್ಚಿಗೆ ಹೋಗಿ ಕೂತಳು. ಮೂರು ಗಂಟೆಯವರೆಗೆ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಗಾಜಿನ ಕೋಣೆಯಲ್ಲಿ ಬಂದವರಿಗೆ ತೋರಿಸಲೆಂದು ಹೊಸ ಮಾದರಿಯ ಮೊಟ್ಟಮೊದಲ ಪೆಟ್ಟಿಗೆ, ಒಂದು ಮಿಕ್ಸರ್, ಎರಡು ದೊಡ್ಡ ಸ್ಪೀಕರ್ ಇದ್ದವು. ಅದನ್ನು ದಿನಾ ಹಚ್ಚುವವನು ಕಿವಿ, ಕ್ರಮ ತಪ್ಪದಂತೆ. ಅದು ಕುದಿಯುತ್ತಿರಲಿಲ್ಲ. ಯಜಮಾನರು ಮೇಜಿನ ಹಿಂದೆ, ಕಿವಿ ಕಿಟಕಿಯ ಪಕ್ಕ. ಮೂರ್ಸಲಣ್ಣನಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ, ಅವರು ನಿಂತೇ ಪೆನ್ನಿನ ಕ್ಯಾಪು ತೆಗೆಯುತ್ತಿದ್ದರು. ಕಾಗದವನ್ನು ಓದುತ್ತಿರುವುದು ಎಷ್ಟನೆಯ ಸಲವೋ.

"ನಿನ್ನನ್ನ ಕರೆದಿಲ್ವಲ್ಲಮ್ಮ" ಎಂದರು ಯಜಮಾನರು.

"ಇಲ್ಲ ಸರ್. ನಾನೇ ಬಂದೆ." ಅವಳು ಆಗಲೇ ನೆಲದ ಮೇಲೆ ಮಂಡಿಯೂರಿ ಮಿಕ್ಸರಿನ ಪ್ಲಗ್ಗನ್ನೂ ಆಂಪ್ಲಿಫೈಯರಿನ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ತನ್ನ ಬೋರ್ಡಿಗೆ ಸಿಕ್ಕಿಸುತ್ತಿದ್ದಳು. "ಹಾಲಿನಲ್ಲಿ ಹೇಗೆ ಹಚ್ಚುತ್ತಾರೋ ಹಾಗೆ ಹಚ್ಚಿ ತೋರಿಸ್ತೀನಿ. ಹತ್ತು ಸಲ. ಆಮೇಲೆ ಯಾರು ಬೇಕಾದ್ರೂ ಸಹಿ ಹಾಕಲಿ."

"ಏಯ್, ಏನ್ ಮಾಡ್ತಿದ್ದೀಯ? ಮಿಕ್ಸರ್ ಮೊದಲು, ಆಮೇಲೆ ವೈರು!" ಕಿವಿ ಅರ್ಧ ಎದ್ದ. "ನೀನೇ ಬರೆದ ನಿಯಮ ನಿಂಗೇ ಗೊತ್ತಿಲ್ವಾ?"

"ಗೊತ್ತು ಸರ್. ಹಾಲಿನ ಕಸ ಗುಡಿಸೋರಿಗೆ ಗೊತ್ತಿಲ್ಲ." ಸ್ವಿಚ್ಚು ಒತ್ತಿದಳು.

ಸ್ಪೀಕರು ಧಡ್ ಎಂದಿತು. ಮೇಜಿನ ಮೇಲಿನ ಲೋಟದ ನೀರು ನಡುಗಿತು. ಆರಿಸಿದಳು, ಕಾದಳು, ಮತ್ತೆ ಒತ್ತಿದಳು. ಧಡ್. "ಸ್ಪೀಕರ್ ಹೋಗುತ್ತೆ ಕಣಮ್ಮಾ!" ಎಂದರು ಯಜಮಾನರು. ಮೂರು. ನಾಲ್ಕು. ನಡುವಿನ ಮೌನದಲ್ಲಿ ಅವಳೇ ಮಾತಾಡಿದಳು, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು. ಎರಡು ಡಯೋಡು, ಒಂದು ರೆಸಿಸ್ಟರ್ ನಾನು ಹಾಕಿದ್ದೆ. ಕಿಟಕಿ ಹತ್ತಿರ ಇರೋ ಸರ್ ಹೊಡೆದುಹಾಕಿದ್ರು. ಹೊಡೆದ ಮೇಲೆ ಸಹಿ ಹಾಕಿದ್ದು ನಾನು. ಸಹಿ ನನ್ನದೇ, ಇಲ್ಲ ಅನ್ನೋದಿಲ್ಲ. ಧಡ್. ಮೂರ್ಸಲಣ್ಣ ಮುಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈ ಪೆಟ್ಟಿಗೇನ ಅವರು ಇವತ್ತು ಮುಟ್ಟೇ ಇಲ್ಲ, ನೋಡ್ತಾ ಇದ್ದೀರಿ. ಆರು. ಏಳು. ಎಂಟು. ಧಡ್.

"ಹಾಗಾದ್ರೆ ನಿನ್ನ ತಪ್ಪು ಅಂತ ಬರ್ಕೊಡ್ತೀಯಾ?" ಯಜಮಾನರ ಮುಖ ಕೆಂಪಾಗಿತ್ತು.

"ಬರ್ಕೊಡ್ತೀನಿ. ಕೆಂಪು ಪೆನ್ಸಿಲ್ ಯಾರದು ಅಂತಾನೂ ಬರೀತೀನಿ." ಧಡ್. ಹತ್ತು.

ಈ ಸಲ ಅವಳು ಆರಿಸಲಿಲ್ಲ. ಮಿಕ್ಸರಿನ ಗುಂಡಿಗಳನ್ನೆಲ್ಲ ಸೊನ್ನೆಗೆ ಇಳಿಸಿ, ಆಂಪ್ಲಿಫೈಯರಿನ ವಾಲ್ಯೂಮನ್ನು ಮಾತ್ರ ಕೊನೆಯವರೆಗೆ ತಿರುಗಿಸಿದಳು. ಹಾಡಿಲ್ಲ, ಮಾತಿಲ್ಲ, ಏನೂ ಬರಬಾರದಾಗಿದ್ದ ಎರಡು ಸ್ಪೀಕರುಗಳಿಂದ ಬಾಣಲೆಯಲ್ಲಿ ಎಣ್ಣೆ ಕಾದಂಥ ಸದ್ದು ಹೊರಟು ಕೋಣೆಯನ್ನು ತುಂಬಿತು. ಸುಂಯ್. ಚಟ್. ಸುಂಯ್. ಹದಿನಾಲ್ಕು ಹಾಲುಗಳಲ್ಲಿ ಜನರು ಕೇಳಿದ್ದು ಇದನ್ನೇ.

"ಏನು ಸದ್ದು?" ಎಂದ ಕಿವಿ. "ನಂಗೇನೂ ಕೇಳಿಸ್ತಿಲ್ಲಪ್ಪ."

ಅವಳು ಅವನ ಮುಖವನ್ನು ಹುಡುಕಿದಳು. ಸುಳ್ಳಿರಬಹುದು. ಇಲ್ಲದೆಯೂ ಇರಬಹುದು. ಅರವತ್ತು ಸಮೀಪಿಸಿದ ಕಿವಿ, ಮೇಲಿನ ದನಿಗಳನ್ನು ಎಂದೋ ಕಳೆದುಕೊಂಡು, ಯಾರಿಗೂ ಹೇಳದೆ ಕಣ್ಣು ಮುಚ್ಚಿ ಗಲ್ಲ ಎತ್ತುತ್ತಿದ್ದಿರಬಹುದು. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ತೀರ್ಮಾನಿಸಲು ಅವಳಿಗಾಗಲಿಲ್ಲ. ಒಂದು ಕ್ಷಣ ಕರುಣೆಯಂಥದ್ದೇನೋ ಬರಲು ನೋಡಿತು, ಅವಳು ಅದಕ್ಕೆ ಜಾಗ ಕೊಡಲಿಲ್ಲ.

ಯಜಮಾನರು ಲೋಟವನ್ನು ನೋಡುತ್ತಿದ್ದರು. "ಅವನ ಕಿವಿಗೇ ಬೀಳ್ತಿಲ್ಲ ಅಂದ್ಮೇಲೆ ನಮ್ಮ ಕಿವಿಗೆ ಏನು ಬೀಳುತ್ತೆ? ನಂಗೂ ಏನೂ ಕೇಳಿಸ್ತಿಲ್ಲ." ಆಮೇಲೆ ಮೂರ್ಸಲಣ್ಣನ ಕಡೆ, "ನಿಂಗೇನಾದ್ರೂ ಕೇಳಿಸ್ತಿದೆಯೇನಯ್ಯಾ?"

ಮೂರ್ಸಲಣ್ಣ ಪೆನ್ನು ಹಿಡಿದುಕೊಂಡೇ ಎಡಗಡೆಯ ಸ್ಪೀಕರಿನ ಹತ್ತಿರ ಬಗ್ಗಿದರು. ಎದ್ದರು. ಬಲಗಡೆಯದರ ಹತ್ತಿರ ಬಗ್ಗಿದರು. ಎದ್ದರು. ಮತ್ತೆ ಎಡಗಡೆಗೆ ಬಂದರು. ಅವರ ಮಣಿಕಟ್ಟಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಅದರ ತಂತಿ ಪ್ಯಾಂಟಿನ ಪಕ್ಕ ಜೋತಾಡುತ್ತಿತ್ತು. ಈ ಮನುಷ್ಯ ಈಗ ಇನ್ನೊಂದು ಉಪಕಾರ ಮಾಡಿದರೆ ಈ ಬೋರ್ಡನ್ನೇ ಎತ್ತಿ ಅವರ ಮೇಲೆ ಎಸೆಯುತ್ತೇನೆ ಎಂದುಕೊಂಡಳು.

"ಕುದೀತಿದೆ ಯಜಮಾನ್ರೇ" ಎಂದರು ಅವರು. ಪೆನ್ನಿಗೆ ಕ್ಯಾಪು ಹಾಕಿ, ಕಾಗದವನ್ನು ಮೇಜಿನ ಮೇಲೆ, ಸಹಿಯ ಜಾಗ ಖಾಲಿ ಕಾಣುವಂತೆ, ಇಟ್ಟರು.

ಅವಳು ಕರೆಯದೆ ಬಂದವಳು, ಹೇಳದೆ ಕುರ್ಚಿ ಎಳೆದುಕೊಂಡು ಕೂತಳು. ಮೂರ್ಸಲಣ್ಣನ ಕಡೆಗೂ ಒಂದನ್ನು ಕಾಲಿನಿಂದ ತಳ್ಳಿದಳು. ಸುಂಯ್. ಕಿವಿ ಕಿಟಕಿಯ ಹೊರಗೆ ನೋಡುತ್ತಿದ್ದ. ಚಟ್. ಗಾಜಿನಾಚೆ ಬೆಂಚುಗಳಲ್ಲಿ ಒಬ್ಬೊಬ್ಬರಾಗಿ ತಲೆ ಎತ್ತಿ ಈ ಕಡೆ ನೋಡುತ್ತಿದ್ದರು. ಯಜಮಾನರು ಏನೋ ಹೇಳಲು ಹೋದರು, ಅವರ ದನಿ ಸದ್ದಿನಲ್ಲಿ ಮುಳುಗಿತು. ಮತ್ತೆ ಶುರುಮಾಡಿದರು, "ಈ ಕಾಗದದ ವಿಷಯ..." ಎಂದು ಕೂಗಿದರು, ತಾವು ಕೂಗುತ್ತಿರುವುದು ತಮಗೇ ಕೇಳಿಸಿ ನಿಂತರು. ಹಣೆ ಒರೆಸಿಕೊಂಡರು. ಎರಡು ಬೆರಳುಗಳಿಂದ ತಮ್ಮ ಕಿವಿಯ ಬುಡವನ್ನು ಒತ್ತಿಕೊಂಡರು.

"ಮೊದಲು ಅದನ್ನ ಆರಿಸಮ್ಮ" ಎಂದರು ಕೊನೆಗೆ.

ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಟ್ಟಗೆ ಅವರ ಮುಖ ನೋಡಿದಳು.

"ಯಾವುದನ್ನ, ಸರ್?"